ದುಂಡಪ್ಪನ ತಪಸ್ಸು

ಮಂಗಗಳ ಹಿರಿಯ ದುಂಡಪ್ಪ, ಬಳಗವೆಲ್ಲ ಮಲಗಿದ ಮೇಲೆ ಮೆಲ್ಲನೆ ಮರ ಇಳಿದು, ಇಡೀ ಒಂದು ಹಲಸಿನ ಹಣ್ಣನ್ನು ಒಬ್ಬನೇ ತಿಂದು ಮುಗಿಸಿದ. ಮರಳಿ ಕೊಂಬೆಗೆ ಒರಗಿದರೆ ನಿದ್ದೆಯೇ ಹತ್ತಲಿಲ್ಲ. ಎಡಕ್ಕೆ ಹೊರಳಿದರೆ ಹೊಟ್ಟೆ ಗುಡುಗುಡು ಎಂದಿತು, ಬಲಕ್ಕೆ ಹೊರಳಿದರೆ ಎದೆ ಉರಿಯಿತು. "ನಿನ್ನೆಯೂ ಇದೇ ಕೊನೆ ಎಂದಿದ್ದೆನಲ್ಲ!" ಎಂದು ತನ್ನನ್ನೇ ಬೈದುಕೊಳ್ಳುತ್ತ ಬೆಳಗು ಮಾಡಿದ.

ಮುಂಜಾನೆ ಹೆಂಡತಿ ಚಿಗುರೆಲೆ ತಂದಿಟ್ಟಳು. ದುಂಡಪ್ಪ ಮುಖ ತಿರುಗಿಸಿ, "ನನಗೆ ಬೇಡ" ಎಂದ.

"ಕಣ್ಣು ಕೆಂಪಾಗಿದೆ, ಊಟವನ್ನೂ ಬಿಟ್ಟಿದ್ದೀರಿ. ರಾತ್ರಿಯೆಲ್ಲ ತಪಸ್ಸು ಮಾಡಿದಿರಾ?" ಎಂದು ಆಕೆ ಕೈಮುಗಿದಳು.

ಇಲ್ಲ ಎನ್ನಲು ದುಂಡಪ್ಪನಿಗೆ ನಾಚಿಕೆಯಾಯಿತು. ಸುದ್ದಿ ಕೊಂಬೆಯಿಂದ ಕೊಂಬೆಗೆ ಹಾರಿತು. ಮಂಗಗಳೆಲ್ಲ ಸಾಲಾಗಿ ಬಂದು ಕಾಲಿಗೆ ಬಿದ್ದು, "ತಪಸ್ವಿಗಳೇ, ಎರಡು ಹಿತವಚನ ಹೇಳಿ!" ಎಂದು ಬೇಡಿದವು. ಹೊಟ್ಟೆಯ ಭಾರಕ್ಕಿಂತ ಈ ನಮಸ್ಕಾರಗಳ ಭಾರ ಹೆಚ್ಚಾಯಿತು. ಅವನು ಬಾಯಿ ತೆರೆದ. ಹೊರಬಂದದ್ದು ಉದ್ದನೆಯ ಒಂದು ತೇಗು. ಮರದ ತುಂಬ ಹಲಸಿನ ಘಮ ಹರಡಿತು.

ಮಂಗಗಳೆಲ್ಲ ಮೂಗರಳಿಸಿ ಒಂದರ ಮುಖ ಒಂದು ನೋಡಿದವು. "ಇಡೀ ಹಣ್ಣು ತಿಂದೆ ಕಣ್ರಪ್ಪಾ!" ಎಂದು ದುಂಡಪ್ಪ ತಾನೇ ಮೊದಲು ನಕ್ಕ. ಬಳಗವೆಲ್ಲ ಬೀಳದಂತೆ ಕೊಂಬೆ ಹಿಡಿದುಕೊಂಡು ನಕ್ಕಿತು. ಆ ಗದ್ದಲದ ನಡುವೆಯೇ ಅವನಿಗೆ ಗಾಢ ನಿದ್ದೆ ಹತ್ತಿತು.