ಸೇತುವೆಯ ಮೇಲೆ ಆನೆ

ಕತ್ತಿ ಕೆಳಗಿಟ್ಟ ದಳವಾಯಿಯೊಬ್ಬರು ಹೊಳೆಯ ದಡದಲ್ಲಿ ಆಶ್ರಮ ಕಟ್ಟಿಕೊಂಡಿದ್ದರು. ಅಲ್ಲಿ ಅವರು ಕಲಿಸುತ್ತಿದ್ದದ್ದು ಒಂದೇ ವಿದ್ಯೆ. ಅದರ ಹೆಸರು ಕಣದಾಟ.

ಹನ್ನೆರಡು ಅಡಿ ಉದ್ದದ ಮರಳಿನ ಕಣ. ಕೈಯಲ್ಲಿ ಒತ್ತಿದರೆ ಕಣಿವೆ, ಗುಡ್ಡೆ ಹಾಕಿದರೆ ಬೆಟ್ಟ, ನೀರು ಸುರಿದರೆ ಕೆಸರು. ಅದರ ಮೇಲೆ ಹೆಬ್ಬೆರಳುದ್ದದ ಮಣ್ಣಿನ ಆನೆ, ಕುದುರೆ, ಬಿಲ್ಲು ಈಟಿ ಹಿಡಿದ ಕಾಲಾಳು. ಇಬ್ಬರು ಎದುರುಬದುರು ಕೂತು ತಮ್ಮ ತಮ್ಮ ಸೈನ್ಯ ನಡೆಸಬೇಕು. ಪೆಟ್ಟು ಬಿತ್ತೋ ತಪ್ಪಿತೋ ಅನ್ನುವುದನ್ನು ಕವಡೆ ಹೇಳುತ್ತದೆ. ಎದುರಿನವರ ಡೇರೆ ಮುಟ್ಟಿದವರು ಗೆದ್ದಂತೆ.

ಗುರುಗಳು ಶುರು ಮಾಡಿದಾಗ ಆಟಕ್ಕೆ ಏಳು ನಿಯಮಗಳಿದ್ದವು. ಶಿಷ್ಯ ಕೇತಯ್ಯ ಬಂದು ಇಪ್ಪತ್ತು ವರ್ಷವಾಗಿತ್ತು. ಅಷ್ಟರಲ್ಲಿ ಅವನು ಎಂಬತ್ತಾರು ಸೇರಿಸಿದ್ದ. ಎಲ್ಲವನ್ನೂ ತಾಳೆಗರಿಯಲ್ಲಿ ಬರೆದು ಕಟ್ಟಿಟ್ಟಿದ್ದ.

ಸುಮ್ಮನೆ ಸೇರಿಸಿದ್ದಲ್ಲ. ಒಂದೊಂದೂ ನಿಜವಾದ ಯುದ್ಧದಿಂದ ಬಂದದ್ದು. ಮಳೆ ಬಂದರೆ ಬಿಲ್ಲಿನ ಹೆದೆ ಸಡಿಲವಾಗುತ್ತದೆ. ಹಸಿದ ಕುದುರೆ ಅರ್ಧ ದೂರ ಮಾತ್ರ ಓಡುತ್ತದೆ. ಓದಿದರೆ ಹೌದಲ್ಲ ಅನ್ನಿಸುತ್ತಿತ್ತು. ಆದರೆ ಕೊನೆಯತನಕ ಓದಿದವರು ಯಾರೂ ಇರಲಿಲ್ಲ.

ಒಬ್ಬೊಬ್ಬರಾಗಿ ಶಿಷ್ಯರೆಲ್ಲ ಹೊರಟುಹೋದರು. ಈಗಿನವರಿಗೆ ತಾಳ್ಮೆಯೇ ಇಲ್ಲ ಎಂದು ಕೇತಯ್ಯ ಬೈದುಕೊಂಡ. ಕೊನೆಗೆ ಅವನೊಬ್ಬನೇ ಉಳಿದ.

ಆ ಬೇಸಿಗೆಯಲ್ಲಿ ಗುರುಗಳು ಹಾಸಿಗೆ ಹಿಡಿದರು. ಒಂದು ಬೆಳಗ್ಗೆ ಕೇತಯ್ಯನನ್ನು ಹತ್ತಿರ ಕರೆದರು.

"ನಾನು ಹೋದ್ಮೇಲೆ ನಿನ್ನೆದುರು ಯಾರು ಕೂರ್ತಾರೆ?"

ಇಪ್ಪತ್ತು ವರ್ಷದಲ್ಲಿ ಒಮ್ಮೆಯೂ ಕೇತಯ್ಯ ಅದನ್ನು ಯೋಚಿಸಿರಲಿಲ್ಲ.

"ಪ್ರತಿ ಮಳೆಗಾಲ ಹೊಳೆ ಬಂದು ಕಣ ಕೊಚ್ಕೊಂಡು ಹೋಗುತ್ತೆ. ನಾವು ಮತ್ತೆ ಕಟ್ತೀವಿ" ಎಂದರು ಗುರುಗಳು. "ಈ ಸಲ ಹೊಳೆ ಬರೋದ್ರೊಳಗೆ ಎದುರು ಕೂರೋರು ಒಬ್ಬರು ಸಿಗಬೇಕು. ಸಿಗದಿದ್ರೆ ಮತ್ತೆ ಕಟ್ಟೋದು ಬೇಡ."

"ಕರ್ಕೊಂಡೇ ಬರ್ತೀನಿ ಗುರುಗಳೇ."

ಅವತ್ತೇ ಹೊಳೆ ದಾಟಿ ಆಚೆಯ ಊರಿಗೆ ಹೋದ. ಭರಮಣ್ಣನೆಂಬ ಪೈಲ್ವಾನನನ್ನು ಕರೆತಂದು ಕಣದ ಮುಂದೆ ಕೂರಿಸಿದ. ತಾಳೆಗರಿ ಬಿಚ್ಚಿ ಮೊದಲಿನಿಂದ ಓದತೊಡಗಿದ.

ಮೂವತ್ತೊಂದನೆಯ ನಿಯಮಕ್ಕೆ ಪೈಲ್ವಾನ ಎದ್ದ.

"ಒಂಚೂರು ನೀರು ಕುಡ್ಕೊಂಡು ಬರ್ತೀನಿ."

ಹೊಳೆಗೆ ಇಳಿದವನು ಆಚೆ ದಡದಲ್ಲಿ ಹತ್ತಿದ. ತಿರುಗಿ ಕೂಡ ನೋಡಲಿಲ್ಲ.

ಕೇತಯ್ಯ ಕೈಚೆಲ್ಲಲಿಲ್ಲ. ತಾಳೆಗರಿಯನ್ನು ಕಟ್ಟಿ ಮೇಲಿಟ್ಟ. ಮೂರೇ ನಿಯಮ ಸಾಕೆಂದು ತೀರ್ಮಾನಿಸಿ ಇಬ್ಬರು ನೇಕಾರರನ್ನು ಕರೆತಂದ. ಅವರು ಮೂರು ದಿನ ನಗುನಗುತ್ತ ಆಡಿದರು. ನಾಲ್ಕನೆಯ ದಿನ ಒಬ್ಬ ಮಾತ್ರ ಬಂದ, ಅದೂ ಹೇಳಿಹೋಗಲು.

"ಬೇಜಾರು ಮಾಡ್ಕೋಬೇಡಿ. ಆನೆ ಕುದುರೆ ಎಲ್ಲ ಒಂದೇ ಥರ ನಡೀತವೆ. ಇದನ್ನ ಎರಡು ಕಲ್ಲು ಇಟ್ಕೊಂಡೂ ಆಡಬಹುದಲ್ವಾ?"

ಅಷ್ಟರಲ್ಲಿ ಮಳೆ ಶುರುವಾಗಿ ಹೊಳೆ ಏರತೊಡಗಿತ್ತು. ಕೇತಯ್ಯ ಗುರುಗಳ ಮಂಚದ ಬಳಿ ಬಂದು ಕೂತ.

"ಎಲ್ಲ ಹೇಳಿದ್ರೆ ಓಡಿಹೋಗ್ತಾರೆ. ಹೇಳದಿದ್ರೆ ಬೇಜಾರಾಗಿ ಹೋಗ್ತಾರೆ. ಎಷ್ಟು ಹೇಳಬೇಕು ಗುರುಗಳೇ?"

"ಹೊಳೆ ಎಷ್ಟು ದೂರದಲ್ಲಿದೆ?"

"ಇಪ್ಪತ್ತು ಹೆಜ್ಜೆ."

"ಹಾಗಾದ್ರೆ ಇನ್ನೂ ದಿನ ಇದೆ. ಹೋಗು."

ಮರುದಿನ ಕುಂಬಾರರ ದೇವೀರಮ್ಮ ಬಂದಳು. ಕಣಕ್ಕೆ ಬೇಕಾದ ಆನೆ ಕುದುರೆಗಳನ್ನು ಮಾಡಿ ಸುಟ್ಟುಕೊಡುತ್ತಿದ್ದವಳು ಅವಳೇ. ತಲೆಯ ಮೇಲಿನ ಬುಟ್ಟಿಯಲ್ಲಿ ಹೊಸ ಕುದುರೆಗಳಿದ್ದವು.

"ದೇವೀರಕ್ಕ, ಒಂದು ಆಟ ಆಡ್ತೀರಾ?"

ಅವಳು ನಕ್ಕಳು. "ಹತ್ತು ವರ್ಷದಿಂದ ಮಾಡಿಕೊಡ್ತಾ ಇದೀನಿ. ನನ್ ಕೈಲಿ ಹುಟ್ಟಿದ ಕುದುರೆ ಇಲ್ಲಿ ಬಂದು ಏನ್ ಮಾಡ್ತವೆ ಅಂತ ನೋಡೇ ಇಲ್ಲ. ಹೇಳ್ಕೊಡಿ."

ಈ ಸಲ ಕೇತಯ್ಯ ಹೊಸ ಉಪಾಯ ಮಾಡಿದ್ದ. ಮೊದಲು ಮೂರು ನಿಯಮ. ಉಳಿದದ್ದು ಸಂದರ್ಭ ಬಂದಾಗ. ತಾಳೆಗರಿಯನ್ನು ತೊಡೆಯ ಕೆಳಗೆ ಇಟ್ಟುಕೊಂಡ.

ದೇವೀರಮ್ಮ ಚುರುಕಾಗಿ ಆಡಿದಳು. ತನ್ನ ಎರಡು ಆನೆಗಳನ್ನು ಸೀದಾ ಅವನ ಡೇರೆಯತ್ತ ನಡೆಸಿದಳು. ದಾರಿಯಲ್ಲಿ ಕೆಸರಿತ್ತು.

ಕೇತಯ್ಯ ಗರಿ ಎಳೆದು ತೋರಿಸಿದ. "ನಲವತ್ತೊಂದನೇ ನಿಯಮ. ಕೆಸರಲ್ಲಿ ಆನೆ ಹೂತುಹೋಗುತ್ತೆ." ಎರಡೂ ಆನೆಗಳನ್ನು ಎತ್ತಿ ಪಕ್ಕಕ್ಕಿಟ್ಟ.

ಅವಳ ಮುಖ ಸಪ್ಪಗಾಯಿತು. ಕುದುರೆಗಳನ್ನು ಓಡಿಸಿದಳು. ಮೂರು ಸಲ ಓಡಿದ ಮೇಲೆ ಅವನು ಇನ್ನೊಂದು ಗರಿ ಎಳೆದ.

"ಐವತ್ತಾರು. ಮೂರು ಸಲ ಓಡಿದ ಕುದುರೆ ಒಂದು ಸಲ ನಿಲ್ಲಬೇಕು." ನಿಂತ ಕುದುರೆಗಳನ್ನು ಅವನ ಈಟಿಯವರು ಹೊಡೆದುಹಾಕಿದರು.

ದೇವೀರಮ್ಮ ಎದ್ದು ನಿಂತಳು.

"ಇದನ್ನ ಮೊದ್ಲೇ ಯಾಕೆ ಹೇಳ್ಲಿಲ್ಲ?"

"ಸಂದರ್ಭ ಬಂದಾಗ ಹೇಳೋಣ ಅಂತ..."

"ನಾನು ಗುಂಡಿಗೆ ಬಿದ್ಮೇಲೆ ಗುಂಡಿ ಇದೆ ಅಂತೀರಲ್ಲ ಕೇತಯ್ಯನೋರೇ. ಇದು ಆಟ ಅಲ್ಲ, ಮೋಸ."

ಬುಟ್ಟಿ ಎತ್ತಿಕೊಂಡು ಹೊರಟೇಬಿಟ್ಟಳು.

ಕೇತಯ್ಯ ಗೆದ್ದಿದ್ದ. ಎದುರಾಳಿಯಿಲ್ಲದ ಖಾಲಿ ಮಣೆಯ ಮುಂದೆ ಗೆದ್ದು ಕೂತಿದ್ದ.

ಗುರುಗಳು ಮಂಚದಿಂದ ಎಲ್ಲವನ್ನೂ ನೋಡುತ್ತಿದ್ದರು.

"ಹೊಳೆ ಎಷ್ಟು ದೂರ ಇದೆ?"

"ಹನ್ನೆರಡು ಹೆಜ್ಜೆ ಗುರುಗಳೇ."

"ಅವಳನ್ನ ನಾಳೆ ಕರಿ. ನಾನು ಆಡ್ತೀನಿ."

ಕೇತಯ್ಯ ಕುಂಬಾರಗೇರಿಗೆ ಹೋಗಿ ತಪ್ಪಾಯಿತೆಂದ. ದೇವೀರಮ್ಮ ತಿಗರಿಯಿಂದ ತಲೆ ಎತ್ತಲಿಲ್ಲ. ಅವನು ಅಲ್ಲಿಂದ ಕದಲಲಿಲ್ಲ. ಮೂರು ಮಡಕೆ ಮುಗಿದ ಮೇಲೆ ಅವಳು ಕೈ ತೊಳೆದುಕೊಂಡಳು.

"ನಿಮ್ ಮುಖ ನೋಡ್ಕೊಂಡು ಬರಲ್ಲ. ಹಾಸಿಗೇಲಿರೋ ಬುದ್ಧಿಯೋರು ಕರೆದಿದಾರಲ್ಲ, ಅದಕ್ಕೆ ಬರ್ತೀನಿ."

ಬೆಳಗ್ಗೆ ಗುರುಗಳನ್ನು ದಿಂಬಿಗೆ ಒರಗಿಸಿ ಕಣದ ಮುಂದೆ ಕೂರಿಸಿದರು. ಕಣದ ನಡುವೆ ಬಿದಿರುಕಡ್ಡಿಯ ಸೇತುವೆಯಿತ್ತು.

ಗುರುಗಳು ತಮ್ಮ ಅತಿ ದೊಡ್ಡ ಆನೆಯನ್ನು ಎತ್ತಿದರು. ಸೇತುವೆಯ ಮೇಲೆ ಇಟ್ಟರು.

"ಅಯ್ಯೋ ಬುದ್ಧಿ, ಅದು ತಡ್ಕೊಳ್ಳುತ್ತಾ?" ಎಂದಳು ದೇವೀರಮ್ಮ.

"ಇಲ್ಲ ತಾಯಿ. ಆನೆ ಹತ್ತಿದ್ರೆ ಸೇತುವೆ ಮುರಿಯುತ್ತೆ. ಹಾಗಂತ ನಿಯಮ ಇದೆ. ನೀನೇ ಮುರಿ."

ಅವಳು ಕಡ್ಡಿಗಳನ್ನು ಕಿತ್ತಳು. ಆನೆ ಬಿತ್ತು. ಗುರುಗಳ ಅರ್ಧ ಸೈನ್ಯ ಆ ಕಡೆ, ಅರ್ಧ ಈ ಕಡೆ ಉಳಿಯಿತು. ದೇವೀರಮ್ಮನಿಗೆ ನಗು ತಡೆಯಲಾಗಲಿಲ್ಲ. ಗುರುಗಳೂ ನಕ್ಕರು.

ಸ್ವಲ್ಪ ಹೊತ್ತಿಗೆ ಅವಳು ಬೇರೊಂದು ನಿಯಮ ತಪ್ಪಿದಳು. ಕೇತಯ್ಯ ಗರಿಯತ್ತ ಕೈ ಚಾಚಿದ. ಗುರುಗಳು ಅವನ ಕೈ ಹಿಡಿದರು.

"ಇವತ್ತಿಗೆ ಸೇತುವೆ ನಿಯಮ ಒಂದೇ ಸಾಕು."

ದೇವೀರಮ್ಮನ ಕಡೆ ಇನ್ನೊಂದು ಸೇತುವೆಯಿತ್ತು. ಅವಳ ಆನೆ ಅಲ್ಲಿಗೆ ಬಂದು ನಿಂತಿತು. ಅವಳು ಯೋಚಿಸಿ ಅದನ್ನು ಸುತ್ತಿ ಬಳಸಿ ನಡೆಸಿದಳು. ಊಟದ ಹೊತ್ತಿಗೆ ಗುರುಗಳ ಡೇರೆ ಮುಟ್ಟಿದಳು.

"ನಾಳೆ ಬರ್ತೀನಿ ಬುದ್ಧಿ" ಎಂದು ತಾನಾಗಿಯೇ ಹೇಳಿ ಹೋದಳು.

ಕೇತಯ್ಯನಿಗೆ ಸಿಟ್ಟು ಬಂದಿತ್ತು. "ಬೇಕಂತಲೇ ಸೋತ್ರಿ. ಅದು ಆಟಕ್ಕೆ ಅವಮಾನ ಅಲ್ವಾ ಗುರುಗಳೇ?"

"ನೀನು ಇಲ್ಲಿಗೆ ಬಂದ ಮೊದಲನೇ ದಿನ ಯಾರು ಗೆದ್ದಿದ್ದು?"

"ನಾನು."

"ಎರಡನೇ ದಿನ?"

"ನಾನೇ. ಮೊದಲ ಏಳು ಆಟ ನಾನೇ ಗೆದ್ದೆ..."

ಆ ಮಾತನ್ನು ಅವನು ಊರೂರಲ್ಲಿ ಹೇಳಿಕೊಂಡಿದ್ದ. ಇವತ್ತು ಅರ್ಧಕ್ಕೆ ನಿಂತಿತು. ಮೊದಲನೇ ದಿನ ಗುರುಗಳ ಆನೆ ಕೆಸರಲ್ಲಿ ಹೂತದ್ದು ನೆನಪಾಯಿತು. ತಾನು ಚಪ್ಪಾಳೆ ತಟ್ಟಿ ನಕ್ಕದ್ದೂ ನೆನಪಾಯಿತು. ಹುಟ್ಟಿನಿಂದಲೇ ತನಗೆ ಈ ವಿದ್ಯೆ ಒಲಿದಿದೆ ಎಂದು ಅವನು ಇಪ್ಪತ್ತು ವರ್ಷ ನಂಬಿದ್ದ. ಈಗ ಕಣ್ಣು ತುಂಬಿ ಬಂತು.

ಗುರುಗಳು ಗೋಡೆಯ ಕಡೆ ಮಗ್ಗುಲಾದರು. "ನಾಳೆ ನೀನು ಕೂತ್ಕೋ" ಎಂದರು.

ಮರುದಿನ ಕೇತಯ್ಯ ಕೂತ. ತನ್ನ ಬಿಲ್ಲಾಳುಗಳನ್ನು ಬೆಟ್ಟದ ಹಿಂದೆ ನಿಲ್ಲಿಸಿದ. ಅಷ್ಟು ಕೆಟ್ಟ ಆಟ ಅವನು ಯಾವತ್ತೂ ಆಡಿರಲಿಲ್ಲ.

"ಬೆಟ್ಟ ಅಡ್ಡ ಇದೆಯಲ್ಲ ಕೇತಯ್ಯನೋರೇ. ಅವರಿಗೇನು ಕಾಣ್ಸುತ್ತೆ?"

"ಏನೂ ಕಾಣಲ್ಲ ಅಕ್ಕ. ಕಾಣದಿದ್ರೆ ಬಾಣ ಬಿಡೋ ಹಾಗಿಲ್ಲ."

"ಹಾಗಾದ್ರೆ ನಾನು ಈ ಕಡೆಯಿಂದ ಬರ್ತೀನಿ" ಎಂದು ಅವಳು ಬಂದೇಬಿಟ್ಟಳು.

ಸೋತ. ಅವತ್ತು ಊಟ ಸೇರಲಿಲ್ಲ. ಆದರೂ ಮರುದಿನ ತನ್ನ ಹಸಿದ ಕುದುರೆಗಳನ್ನು ದೂರ ಓಡಿಸಿ ಸೋತ. ಅದರ ಮರುದಿನ ಮಳೆಯಲ್ಲಿ ಬಿಲ್ಲು ಹಿಡಿಸಿ ಸೋತ. ದಿನವೂ ಒಂದು ಗರಿ, ದಿನವೂ ಒಂದು ಸೋಲು. ದೇವೀರಮ್ಮ ಒಂದು ದಿನವೂ ತಪ್ಪಿಸಲಿಲ್ಲ.

ಒಂಬತ್ತನೆಯ ದಿನ ಅವಳು ತನ್ನ ನಾದಿನಿಯನ್ನು ಕರೆತಂದಳು.

"ಇವತ್ತು ನೀವು ಆಮೇಲೆ ಆಡಿ. ಇವಳ ಜೊತೆ ನಾನು ಕೂರ್ತೀನಿ."

ಇಬ್ಬರೂ ಎದುರುಬದುರು ಕೂತರು. ದೇವೀರಮ್ಮ ತನ್ನ ಅತಿ ದೊಡ್ಡ ಆನೆಯನ್ನು ಎತ್ತಿ ಸೇತುವೆಯ ಮೇಲೆ ಇಟ್ಟಳು.

"ಅತ್ತಿಗೆ, ಅದು ಮುರಿಯಲ್ವಾ?" ಎಂದಳು ನಾದಿನಿ.

ಕೇತಯ್ಯ ಗುರುಗಳ ಕಡೆ ನೋಡಿದ. ಗುರುಗಳು ಕಣ್ಣು ಮುಚ್ಚಿಕೊಂಡು ಕೇಳಿಸಿಕೊಳ್ಳುತ್ತಿದ್ದರು.

ಆ ಆಟ ಮುಗಿದ ಮೇಲೆ ಕೇತಯ್ಯ ಕೂತು ತನ್ನ ಒಂಬತ್ತನೆಯ ಆಟ ಸೋತ. ಅವನು ಏಳುವಷ್ಟರಲ್ಲಿ ಹೊಳೆಯ ನೀರು ಕಣದ ಅಂಚು ಮುಟ್ಟಿತು. ಮೂವರೂ ಸೇರಿ ಆನೆ ಕುದುರೆಗಳನ್ನು ಬುಟ್ಟಿಗೆ ತುಂಬಿದರು. ಬೆಟ್ಟ ಕರಗಿತು, ಸೇತುವೆ ತೇಲಿಹೋಯಿತು.

"ನೀರಿಳಿದ್ಮೇಲೆ ಹೇಳಿ ಕಳಿಸಿ ಬುದ್ಧಿ" ಎಂದಳು ದೇವೀರಮ್ಮ. "ಮರಳು ಹೊರೋಕೆ ನಾವಿಬ್ರೂ ಬರ್ತೀವಿ."

ಅವರು ಹೋದ ಮೇಲೆ ಕೇತಯ್ಯ ತಾಳೆಗರಿಯ ಕಟ್ಟನ್ನು ಎದೆಗವಚಿಕೊಂಡು ಗುರುಗಳ ಮಂಚದ ಪಕ್ಕ ನಿಂತ. ಅವನಿಗೆ ಸುಸ್ತಾಗಿತ್ತು, ಖುಷಿಯೂ ಆಗಿತ್ತು.

"ಒಂಬತ್ತು ಸಲ ಸೋತಿದ್ದೀನಿ ಗುರುಗಳೇ. ಇನ್ನೂ ಎಷ್ಟು ಸಲ ಸೋಲಬೇಕು?"

ಗುರುಗಳು ಕಣ್ಣು ತೆರೆದು ಆ ಕಟ್ಟನ್ನು ನೋಡಿದರು.

"ನೀನು ಎಷ್ಟು ನಿಯಮ ಬರ್ದಿದ್ದೀಯ?"