ಸೊಂಟದ ಕೋವಿ

ಹಂದಿ ಬೇಟೆಗೆ ಇನ್ನೂ ಪರವಾನಗಿ ಸಿಗುತ್ತಿದ್ದ ಕಾಲ. ಕೊಡಗಿನ ಕಾಡಂಚಿನ ಒಂದು ಊರಿನಲ್ಲಿ ಚೋಂದಮ್ಮ ಎಂಬ ಮುದುಕಿ ಇದ್ದಳು. ಕೋವಿ ಹಿಡಿಯಲು ಕಲಿಯಬೇಕೆಂದವರು ಅವಳ ಅಂಗಳಕ್ಕೆ ಬರುತ್ತಿದ್ದರು.

ಒಂದು ಬೆಳಿಗ್ಗೆ ಶಿಷ್ಯ ಉತ್ತಯ್ಯ ಮೂರು ಕೈಕೋವಿಗಳನ್ನು ತಂದು ಜಗಲಿಯ ಮೇಲಿಟ್ಟ.

"ದೊಡ್ಡವ್ವ, ಕಾಡಿಗೆ ಹೋಗುವಾಗ ಸೊಂಟದಲ್ಲೂ ಒಂದು ಇರಲಿ ಅಂತ. ಇದರಲ್ಲಿ ಯಾವುದು ಒಳ್ಳೆಯದು?"

"ಯಾಕೆ ಬೇಕು?"

"ಅಣ್ಣನಿಗೆ ಆದದ್ದು ನಿಮಗೆ ಗೊತ್ತಲ್ಲ."

ಗೊತ್ತಿತ್ತು. ಹಿಂದಿನ ವರ್ಷ ಗಾಯಗೊಂಡ ಹಂದಿಯೊಂದು ಅವನ ಅಣ್ಣನನ್ನು ಕೆಡವಿ ತೊಡೆ ಸೀಳಿತ್ತು. ಕೋವಿ ಕೈಗೆಟುಕದಷ್ಟು ದೂರ ಬಿದ್ದಿತ್ತು. ಮನೆಗೆ ಹೊತ್ತು ತರುವಷ್ಟರಲ್ಲಿ ಜೀವ ಹೋಗಿತ್ತು.

ಚೋಂದಮ್ಮ ಮೂರರಿಂದಲೂ ಗುಂಡು ತೆಗೆದಳು. ಹೊಸ ಪಿಸ್ತೂಲನ್ನು ಕೈಗೆತ್ತಿಕೊಂಡಳು.

"ಮೊದಲ ಗುಂಡು ಏರಿಸಲು ಇದರ ಮೇಲ್ಭಾಗ ಹಿಂದಕ್ಕೆ ಎಳೆಯಬೇಕು, ಅಲ್ಲವಾ? ಒಂದು ಕೈ ಮುರಿದಿದ್ದರೆ ಏನು ಮಾಡ್ತೀ?"

ಉತ್ತಯ್ಯ ಅದನ್ನು ಪಕ್ಕಕ್ಕಿಟ್ಟ.

"ಉಳಿದದ್ದರಲ್ಲಿ ದೊಡ್ಡದನ್ನು ಸೊಂಟಕ್ಕೆ ಕಟ್ಟಿಕೊಂಡು ಅಂಗಾತ ಮಲಗು."

ಅವನು ಮಲಗಿದ. ಮುದುಕಿ ಭತ್ತದ ಚೀಲವೊಂದನ್ನು ಎಳೆದು ತಂದು ಅವನ ಎದೆ ಹೊಟ್ಟೆಗಳ ಮೇಲೆ ಉರುಳಿಸಿದಳು.

"ಈಗ ತೆಗಿ."

ಉದ್ದ ನಳಿಗೆಯ ರಿವಾಲ್ವರ್ ಅರ್ಧ ಹೊರಬಂದು ಸಿಕ್ಕಿಹಾಕಿಕೊಂಡಿತು. ಅವನು ಬೆವರಿದ, ಒದ್ದಾಡಿದ. ಅದು ಬರಲಿಲ್ಲ.

ಆಮೇಲೆ ಗಿಡ್ಡ ರಿವಾಲ್ವರ್ ಕಟ್ಟಿಕೊಂಡು ಮಲಗಿದ. ಮತ್ತೆ ಅದೇ ಚೀಲ. ಈ ಸಲ ಅವನ ಕೈ ಚೀಲದಡಿಯಿಂದ ಸುಲಭವಾಗಿ ಹೊರಗೆ ಬಂತು.

"ಹಾಗಾದರೆ ಇದೇ?"

"ಆ ಕೆಲಸಕ್ಕೆ ಇದೇ," ಎಂದಳು ಚೋಂದಮ್ಮ.

ಹುತ್ತರಿ ಹಬ್ಬ ಕಳೆದ ಮೇಲೆ ಇಬ್ಬರೂ ಕಾಡಿಗೆ ಹೋದರು. ತೊರೆಯ ಆಚೆ ದಡದ ಪೊದೆಗಳ ನಡುವೆ ಒಂಟಿ ಹಂದಿಯೊಂದು ನೆಲ ಕೆದರುತ್ತಿತ್ತು.

"ಬರೀ ಬೆನ್ನು ಕಾಣ್ತಿದೆ, ಹೊಡೆದರೆ ಗಾಯ ಮಾತ್ರ. ಹೊಡೀಬೇಡ," ಎಂದು ಮುದುಕಿ ಪಿಸುಗುಟ್ಟಿದಳು.

ಉತ್ತಯ್ಯ ಒಮ್ಮೆ ಸೊಂಟದ ರಿವಾಲ್ವರ್ ಮುಟ್ಟಿ ನೋಡಿಕೊಂಡ. ಕೈಯಲ್ಲಿದ್ದ ಕೋವಿ ಎತ್ತಿ ಹೊಡೆದ.

ಹಂದಿ ಕಿರುಚಿ ಪೊದೆಗೆ ನುಗ್ಗಿತು. ಎಲೆಗಳ ಮೇಲೆ ರಕ್ತ ಉಳಿಯಿತು.

"ರಕ್ತ ಸೋರಿ ಅದು ಸೋಲಲಿ," ಎಂದಳು ಚೋಂದಮ್ಮ. ಬಂಡೆಯ ಮೇಲೆ ಕುಳಿತು ಎಲೆಯಡಿಕೆ ಹಾಕಿಕೊಂಡಳು. ಅವನನ್ನೂ ಕೂರಿಸಿದಳು. ಬಹಳ ಹೊತ್ತಾದ ಮೇಲೆ ಎದ್ದಳು.

"ನಡಿ. ಗಾಯ ಮಾಡಿ ಬಿಟ್ಟು ಹೋಗೋ ಹಾಗಿಲ್ಲ."

ರಕ್ತದ ಜಾಡು ಬಿದಿರುಮೆಳೆಯ ಹತ್ತಿರ ಮುಗಿಯಿತು. ಉತ್ತಯ್ಯ ಬಗ್ಗಿ ನೆಲ ನೋಡುತ್ತಿದ್ದ. ಹಂದಿ ಪಕ್ಕದಿಂದ ಬಂತು. ಅವನು ಬಿದ್ದ, ಕೈಯಲ್ಲಿದ್ದ ಕೋವಿ ಹಾರಿಹೋಯಿತು. ಹಂದಿಯ ಭಾರ ಎದೆಯ ಮೇಲೆ ಬಂತು, ಮೀನಖಂಡದಲ್ಲಿ ಉರಿ ಎದ್ದಿತು. ಮುದುಕಿ ಕೋವಿ ಎತ್ತಿದ್ದಳು, ಆದರೆ ಹಂದಿಯೂ ಅವನೂ ಒಂದೇ ಮುದ್ದೆಯಾಗಿದ್ದರು. ಹೊಡೆಯಲಾಗಲಿಲ್ಲ.

ಅವನ ಕೈ ಸೊಂಟಕ್ಕೆ ಹೋಯಿತು. ಗಿಡ್ಡ ರಿವಾಲ್ವರನ್ನು ಹಂದಿಯ ಕಿವಿಯ ಹಿಂದೆ ಒತ್ತಿ ಎರಡು ಸಲ ಹೊಡೆದ.

ಹಂದಿ ಸತ್ತಿತು.

ಚೋಂದಮ್ಮ ಅದನ್ನು ಪಕ್ಕಕ್ಕೆ ತಳ್ಳಿ, ತಲೆಯ ವಸ್ತ್ರ ಬಿಚ್ಚಿ, ಅವನ ಕಾಲಿನ ಸೀಳಿಗೆ ಬಿಗಿಯಾಗಿ ಕಟ್ಟತೊಡಗಿದಳು.

"ದೊಡ್ಡವ್ವ, ಸರಿಯಾದದ್ದನ್ನೇ ಆರಿಸಿಕೊಟ್ಟಿರಿ. ಇದು ಇಲ್ಲದಿದ್ದರೆ ನಾನೂ ಇವತ್ತು ಅಣ್ಣನ ಹಾಗೆ..."

"ಹೌದು," ಎಂದಳು ಮುದುಕಿ. ಗಂಟು ಹಾಕಿ ಮುಗಿಸಿ, ರಕ್ತ ಮೆತ್ತಿದ ಕೈಯನ್ನು ಹುಲ್ಲಿಗೆ ಒರೆಸಿಕೊಂಡಳು.

"ಅದು ಸೊಂಟದಲ್ಲಿ ಇಲ್ಲದಿದ್ದರೆ, ಬರೀ ಬೆನ್ನು ಕಂಡಾಗ ಕೋವಿ ಎತ್ತುತ್ತಿದ್ದೆಯಾ?"