ಮಾತಿಗೆ ಗೂಟ ಹೊಡೆದ ದೊರೆ

ಕೂತ್ಕೊಳ್ಳಿ. ಕಥೆ ಹೇಳು, ಕಥೆ ಹೇಳು ಅಂತ ಪ್ರಾಣ ತಿಂತೀರಿ, ಶುರು ಮಾಡಿದರೆ ಒಬ್ಬರೂ ಹೂಂಗುಟ್ಟೋದಿಲ್ಲ. ಈ ಸಲ ಹೂಂ ಅನ್ನದೆ ಹೋದರೆ ಅರ್ಧಕ್ಕೇ ಬಿಟ್ಟು ಮುಸುಕು ಹಾಕಿ ಮಲಗಿಬಿಡ್ತೀನಿ, ಆಮೇಲೆ ಅಜ್ಜಿ ಅಜ್ಜಿ ಅಂತ ಗೋಗರೀಬೇಡಿ.

ಹೊಳೆ ದಂಡೆಯ ಯಾವುದೋ ಒಂದು ಊರಲ್ಲಿ, ಯಾವುದೋ ಒಂದು ಕಾಲದಲ್ಲಿ, ಮಲ್ಲರಸ ಅಂತ ಒಬ್ಬ ದೊರೆ ಇದ್ದನಂತೆ. ಒಳ್ಳೆಯವನೇ, ಆದರೆ ಮೂಗಿನ ತುದೀಲಿ ಕೋಪ. ಹೆಂಡತಿ ಬಾಣಂತನದಲ್ಲೇ ತೀರಿಕೊಂಡಿದ್ದಳು. ಇದ್ದ ಒಬ್ಬಳೇ ಮಗಳು ನೀಲಾಂಬೆಯನ್ನ ತಾನೇ ತಲೆ ಬಾಚಿ, ತುತ್ತಿಟ್ಟು ಸಾಕಿದ್ದನಂತೆ. ಲೋಕದ ಮೇಲೆಲ್ಲ ರೇಗೋನು ಅವಳ ಮುಂದೆ ಬೆಣ್ಣೆ.

ಒಂದಿನ ಬಾವಿ ತೋಡುವಾಗ ಒಂದು ಕಲ್ಲು ಸಿಕ್ಕಿತಂತೆ. ಮೈತುಂಬ ಅಕ್ಷರ. ದೊರೆಯ ಮುತ್ತಜ್ಜನ ಮುತ್ತಜ್ಜ ಕೆತ್ತಿಸಿದ್ದು ಅಂತ ಅದರಲ್ಲಿದ್ದ ಹೆಸರಿಂದ ಗೊತ್ತಾಯಿತು. ಆಸ್ಥಾನದ ಪಂಡಿತರೆಲ್ಲ ಬಗ್ಗಿ ಬಗ್ಗಿ ಓದಿದರು. ಓದೋಕೆ ಬಂತು, ತಿಳಿಯೋಕೆ ಬರಲಿಲ್ಲ. ಅಕ್ಷರ ನಮ್ಮದೇ, ಮಾತು ಮಾತ್ರ ಯಾರದೋ. ದೊರೆಗೆ ಮೈಯೆಲ್ಲ ಉರಿದುಹೋಯಿತು.

"ನಮ್ಮಜ್ಜ ಆಡಿದ ಮಾತು ನಮ್ಮೂರಲ್ಲೇ ತಿಳಿಯಲ್ಲ ಅಂದ್ರೆ! ನಾಳೆ ನನ್ನ ಮಾತಿಗೂ ಇದೇ ಗತಿ ತಾನೆ? ಮಾತು ಕೆಡಿಸ್ತಿರೋರು ಯಾರು, ಹಿಡ್ಕೊಂಡು ಬನ್ನಿ!"

ಯಾರನ್ನ ಅಂತ ಹಿಡೀತಾರೆ? ಗಾಳೀನ ಗೋಣಿಚೀಲಕ್ಕೆ ತುಂಬು ಅಂದ ಹಾಗಾಯಿತು. ಕೊನೆಗೆ ದೊರೆ ಡಂಗುರ ಹೊಡೆಸಿದನಂತೆ. ಇವತ್ತಿಂದ ಯಾವ ಮಾತೂ ಬದಲಾಗಕೂಡದು. ಯಾವುದಕ್ಕೆ ಏನು ಹೆಸರೋ ಅದನ್ನೇ ಅನ್ನಬೇಕು. ಇದ್ದದ್ದನ್ನ ಇದ್ದ ಹಾಗೆ ಅನ್ನಬೇಕು. ತಪ್ಪಿದವರ ಬಾಯಿಗೆ ಹಿಡಿ ಬೇವಿನ ಸೊಪ್ಪು!

ಕರಿನಾಯಕ ಅನ್ನೋ ಕಾವಲಿನವನು ಕಂಡಕಂಡವರ ಮನೆ ಬಾಗಿಲಿಗೆ ಕಿವಿಯಿಟ್ಟು ತಿರುಗಿದನಂತೆ. ನಾಚಿಕೆ ಬೇಡವೆ? ಮೊದಲು ಸಿಕ್ಕಿಬಿದ್ದವಳು ಗಾಣದ ಮನೆ ಸಿದ್ದವ್ವ.

"ಬುದ್ಧೀ, ಇವಳ ಮನೇಲಿ ಒಂದು ಕಾಳು ಅಕ್ಕಿ ಇರಲಿಲ್ಲ. ಗಂಡನ ಹತ್ರ 'ಅಕ್ಕಿ ಹೆಚ್ಚಿದೆ' ಅಂದ್ಲು."

"ಏನಮ್ಮಾ, ಮುಗಿದದ್ದು ಹೆಚ್ಚೋದು ಹೆಂಗೆ?" ಅಂದ ದೊರೆ.

"ಮುಗೀತು ಅಂತ ಬಾಯಲ್ಲಿ ಹೆಂಗಂದೇನು ಬುದ್ಧೀ? ಅಂದ್ರೆ ಮುಗಿದೇ ಹೋಗುತ್ತೆ. ನಮ್ಮವ್ವ ಹಿಂಗೇ ಅಂತಿದ್ಲು, ನಾನೂ ಹಿಂಗೇ ಅಂತೀನಿ."

"ಬಳೆ ಒಡೆದ್ರೆ?"

"ಬಳೆ ಹೆಚ್ಚಿತು ಅಂತೀವಿ."

"ದೀಪ ಆರಿಸೋಕೆ?"

"ದೀಪ ದೊಡ್ಡದು ಮಾಡು ಅಂತೀವಿ."

ದೊರೆ ಹಣೆ ಹಣೆ ಚಚ್ಚಿಕೊಂಡ. "ಆರಿಸಿದ್ರೆ ದೊಡ್ಡದು, ಒಡೆದ್ರೆ ಹೆಚ್ಚಿತು! ನಿಜವಾಗಿ ಹೆಚ್ಚಿದಾಗ ಏನಂತೀಯೇ ತಾಯಿ?"

"ಆವಾಗ ಸುಮ್ನಿರ್ತೀವಿ ಬುದ್ಧೀ. ಹೇಳಿದ್ರೆ ದೃಷ್ಟಿ ಆಗಲ್ವೆ?"

"ಹಾವಿಗೆ ಏನಂತೀರಿ? ಅದನ್ನೂ ಹೇಳಿಬಿಡು!"

ಸಿದ್ದವ್ವ ಎಡಕ್ಕೆ ನೋಡಿದಳು, ಬಲಕ್ಕೆ ನೋಡಿದಳು, ದನಿ ತಗ್ಗಿಸಿದಳು. "ಕತ್ತಲಾದ ಮೇಲೆ ಅದರ ಹೆಸರೆತ್ತಬಾರದು ಅಂತ ನಮ್ಮಜ್ಜಿ ಕಾಲದಲ್ಲಿ ಹುಳ ಅಂತಿದ್ರಂತೆ. ಹುಳ ಹುಳ ಅಂದು ಅಂದು ಆ ಮಾತಿಗೂ ವಿಷ ಏರಿಬಿಡ್ತು, ಕೇಳಿದ್ರೆ ಮೈ ಜುಂ ಅನ್ನುತ್ತೆ. ಅದಕ್ಕೆ ನಾವು 'ಉದ್ದನೇದು' ಅಂತೀವಿ. ನನ್ನ ಮೊಮ್ಮಕ್ಕಳಿಗೆ ಹಗಲು ಹೊತ್ತಲ್ಲೂ ಅದು ಉದ್ದನೇದೇ. ಬೇರೆ ಹೆಸರಿದೆ ಅಂತಾನೇ ಅವಕ್ಕೆ ಗೊತ್ತಿಲ್ಲ."

"ಸಿಕ್ಕಿಬಿದ್ಲು ನೋಡಿ ಕಳ್ಳಿ! ಮಾತು ಕೆಡಿಸ್ತಿರೋರು ಇವರೇ!" ಅಂತ ದೊರೆ ಕುಣಿದಾಡಿದನಂತೆ. ಸಿದ್ದವ್ವ ಸೊಪ್ಪು ಅಗಿದು, ಮುಖ ಕಿವುಚಿಕೊಂಡು ಮನೆಗೆ ನಡೆದಳು. ಮಾರನೇ ದಿನ ಅವಳ ಬಾಯಲ್ಲಿ ಮತ್ತೆ ಅದೇ ಮಾತು. ಅವಳ ಹಿಂದೆ ಅವಳ ಓರಗಿತ್ತಿ, ಓರಗಿತ್ತಿ ಹಿಂದೆ ಕೇರಿಗೆ ಕೇರಿಯೇ. ಹಿಂಗೇ ನಡೀತಾ ನಡೀತಾ ಊರ ಬೇವಿನ ಮರಗಳೆಲ್ಲ ಬೋಳಾದವಂತೆ, ಜನ ಮಾತ್ರ ಬದಲಾಗಲಿಲ್ಲವಂತೆ. ಏಯ್, ಹೂಂ ಅನ್ರೋ! ನಾನೇನು ಗೋಡೆಗೆ ಹೇಳ್ತಿದೀನಾ?

ಹಿಂಗಿರುವಾಗ ನೀಲಾಂಬೆಗೆ ಮದುವೆ ಕೂಡಿಬಂತು. ಗಂಡು ಆಚೆ ದಂಡೆಯ ರಾಜ್ಯದವನು. ಧಾರೆ ಆಯಿತು, ಊಟ ಆಯಿತು, ಮಗಳನ್ನ ಕಳಿಸೋ ಗಳಿಗೆ ಬಂತು. ಮೇಲೆಲ್ಲೋ ಮಳೆ ಬಿದ್ದು ಹೊಳೆ ಕೆಂಪಗೆ ಉಕ್ಕಿತ್ತಂತೆ. ಅಂಬಿಗ ಹರಿಗೋಲು ಹಿಡಿದು ನಿಂತಿದ್ದ. ಗಂಡು ಹತ್ತಿ ಕೂತಿದ್ದ. ಊರಿಗೆ ಊರೇ ದಂಡೆಯಲ್ಲಿ ನೆರೆದಿತ್ತು. ಕರಿನಾಯಕನೂ ಇದ್ದ, ಅವನ ಕೈಯಲ್ಲಿ ಸೊಪ್ಪಿನ ಬುಟ್ಟಿಯೂ ಇತ್ತು.

ನೀಲಾಂಬೆ ಅಪ್ಪನ ಕಾಲಿಗೆರಗಿ ಎದ್ದಳು. ಹರಿಗೋಲಿನ ಕಡೆ ನೋಡಿದಳು, ಸೊಪ್ಪಿನ ಬುಟ್ಟಿ ಕಡೆ ನೋಡಿದಳು.

"ಹೇಳವ್ವಾ, ಗಳಿಗೆ ಮೀರುತ್ತೆ" ಅಂದ ದೊರೆ.

"ಏನಂತ ಹೇಳಲಿ ಅಪ್ಪಾಜಿ? ಹೊರಟೋಳು 'ಬರ್ತೀನಿ' ಅಂದ್ರೆ ನಿಮ್ಮ ಡಂಗುರಕ್ಕೆ ತಪ್ಪಾಗಲ್ವೆ?"

ದೊರೆ ಜನರ ಕಡೆ ನೋಡಿದ. ಎಲ್ಲರ ಕಣ್ಣೂ ಅವನ ಮೇಲೇ. ಬಿದ್ದರೂ ಮೀಸೆ ಮಣ್ಣಾಗಬಾರದಲ್ಲ! "ತಪ್ಪೇ" ಅಂದ. "ಇದ್ದದ್ದನ್ನ ಇದ್ದ ಹಾಗೆ ಹೇಳು."

"ಹಂಗಾದ್ರೆ ಅಪ್ಪಾಜಿ, ನಾನು ಹೋಗ್ತೀ..."

ಅಷ್ಟೇ. ಮಾತು ಪೂರ್ತಿ ಆಚೆ ಬರಲಿಲ್ಲ. ದೊರೆ ಹಾರಿಬಂದು ಮಗಳ ಬಾಯಿಗೆ ಕೈ ಅಡ್ಡ ಹಿಡಿದಿದ್ದನಂತೆ.

"ಬಿಡ್ತು ಅನ್ನು! ಕಂದಾ, ಬಿಡ್ತು ಅನ್ನು! ಬರ್ತೀನಿ ಅನ್ನು!"

ನೀಲಾಂಬೆ ಅಪ್ಪನ ಕೈ ಸರಿಸಿದಳು. ಅವಳಿಗೂ ಕಣ್ಣಲ್ಲಿ ನೀರು. "ಹೊಳೆ ಹಿಂಗೆ ಉಕ್ಕಿದೆ, ಆ ದೇಶ ದೂರ. ನಾನು ಬರ್ತೀನೋ ಇಲ್ವೋ ಯಾರಿಗೆ ಗೊತ್ತು ಅಪ್ಪಾಜಿ?"

"ಗೊತ್ತಿಲ್ಲ, ಅದಕ್ಕೇ ಬರ್ತೀನಿ ಅನ್ನು ಅಂತಿರೋದು ಕಣೇ!" ಅಂತ ದೊರೆ ಕಿರುಚಿದನಂತೆ.

"ಬರ್ತೀನಿ ಅಪ್ಪಾಜಿ" ಅಂದಳು.

"ಹೂಂ. ಬಾ" ಅಂದ.

ಕರಿನಾಯಕ ಕೆಮ್ಮಿ, ಬುಟ್ಟಿ ಕಂಕುಳಲ್ಲಿಟ್ಟುಕೊಂಡು, ಹೊಳೆಯಲ್ಲಿ ಏನೋ ತೇಲಿಹೋದ ಹಾಗೆ ಆ ಕಡೆ ತಿರುಗಿ ನಿಂತುಬಿಟ್ಟನಂತೆ. ಹರಿಗೋಲು ಗಿರ್ರನೆ ತಿರುಗುತ್ತಾ, ಅಲ್ಲಿ ಮುಳುಗಿ ಇಲ್ಲಿ ಎದ್ದು, ಹೆಂಗೋ ಆಚೆ ದಂಡೆ ಮುಟ್ಟಿತು. ಅಲ್ಲೀವರೆಗೂ ದೊರೆ ರೆಪ್ಪೆ ಬಡಿಯಲಿಲ್ಲ. ಆಮೇಲೆ ಜನರ ಮೇಲೆ ರೇಗಿದ. "ಏನ್ ನೋಡ್ತಿದೀರಿ? ನಡೀರಿ ಮನೆಗೆ! ಏನು ಬೇಕೋ ಹಂಗೇ ಅಂದ್ಕೊಂಡು ಸಾಯಿರಿ... ಅಲ್ಲಲ್ಲ, ಬದುಕಿರಿ! ನೀವು ಮಾತು ಕೆಡಿಸ್ತಿಲ್ಲ, ಹೆದರ್ತಿದೀರಿ ಅಷ್ಟೇ. ಹೆದರಿಕೇನ ನಿಲ್ಲಿಸೋ ಅಷ್ಟು ದೊಡ್ಡ ದೊರೆ ನಾನಲ್ಲ."

ಬಂದಳೇ ಅಂತ ತಾನೇ ನಿಮ್ಮ ಮುಖ ಕೇಳ್ತಿರೋದು? ಬಂದಳು ಕಣ್ರೋ. ತಡವಾಗಿ ಬಂದಳು, ಮಾತು ಕಲಿತ ಮಗನನ್ನ ಸೊಂಟದ ಮೇಲೆ ಕೂರಿಸಿಕೊಂಡು ಬಂದಳು. ಆ ಮಗು ಅರ್ಧ ಅವ್ವನ ಮಾತು, ಅರ್ಧ ಆಚೆ ದಂಡೆಯ ಮಾತು, ಎರಡನ್ನೂ ಕಲಸಿ ಅಜ್ಜನ ಮುಂದೆ ಒಂದೇ ಸಮ ವಟಗುಟ್ಟಿತಂತೆ. ದೊರೆಗೆ ಒಂದಕ್ಷರ ತಿಳಿಯಲಿಲ್ಲ. ಎಲ್ಲರೂ ಈಗ ರೇಗ್ತಾನೆ, ಇನ್ನೇನು ರೇಗ್ತಾನೆ ಅಂತ ಉಸಿರು ಹಿಡಿದು ನಿಂತರು. ದೊರೆ ಮಗುವನ್ನ ತೊಡೆ ಮೇಲೆ ಎಳಕೊಂಡ, ಕಿವಿ ಬಗ್ಗಿಸಿದ.

"ಏನಂದೆ ಕಂದಾ? ಇನ್ನೊಂದ್ಸಲ ಅನ್ನು."

ಅವರು ಆಚೆ ದಂಡೇಲಿ ತಣ್ಣಗಿರಲಿ, ನಾವು ಈಚೆ ದಂಡೇಲಿ ಬೆಚ್ಚಗಿರೋಣ. ಕಥೆ ಕೇಳಿದ ಕಿವಿ ತಂಪು, ಹೇಳಿದ ಗಂಟಲು ಒಣಕಲು. ಏಳಿ, ಯಾರಾದ್ರೂ ಒಂದು ಚೊಂಬು ನೀರು ತನ್ನಿ.